ಮುಖ್ಯ ಅತಿಥಿಯ ಭಾಷಣ

ಕೊರಳಲ್ಲಿ ಚೆಂಡುಹೂವಿನ ಹಾರ ಹೊತ್ತು ವೇದಿಕೆಯ ಮೇಲೆ ನಿಂತಿದ್ದ ಟಗರು, ಮೈಕಿನ ಮುಂದೆ ಬಾಯಿ ಬಿಡಲೇ ಇಲ್ಲ. ಅದು ಒಮ್ಮೆ ‘ಬ್ಯಾ’ ಎನ್ನುವವರೆಗೆ ಯಾರೂ ಊಟಕ್ಕೆ ಏಳುವಂತಿಲ್ಲ. ಹಿರಿಯೂರಿನಾಚೆಯ ಆ ಕಾಲೇಜು ಕ್ಯಾಂಪಸ್ಸಿನಲ್ಲಿ ವರ್ಷಕ್ಕೊಮ್ಮೆ ನಡೆಯುವ ‘ಟಗರು ದಿನ’ದ ಕಟ್ಟಳೆಯೇ ಅದು.

ಕಟ್ಟಳೆ ಹುಟ್ಟಿಸಿದವನು ವೇದಿಕೆಯ ಅಂಚಿನಲ್ಲಿ ನಿಂತಿದ್ದ ರಘುನಾಥನೇ. ಇಲ್ಲೇ ಓದುತ್ತಿದ್ದಾಗ, ಕಾದು ಕಾದರೂ ಮುಖ್ಯ ಅತಿಥಿ ಬಾರದಿದ್ದುದಕ್ಕೆ, ಬಯಲಲ್ಲಿ ಮೇಯುತ್ತಿದ್ದ ಟಗರೊಂದನ್ನು ಎಳೆದು ತಂದು ವೇದಿಕೆ ಹತ್ತಿಸಿದ್ದ. ಅದು ಅರಚಿತ್ತು, ಭಾಷಣವೆಂದು ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಈಗ ಅವನು ಇಲ್ಲೇ ಮೇಷ್ಟ್ರು. ಅಂದಿನ ತಮಾಷೆಯನ್ನು ವರ್ಷ ವರ್ಷವೂ ಹೊತ್ತು ಸುಸ್ತಾಗಿದ್ದ. ಇನ್ನು ತನ್ನ ಕೈಲಾಗದು, ಮುಂದಿನ ಸಲ ಬೇರೆಯವರು ನೋಡಿಕೊಳ್ಳಲಿ ಎಂದು ಇವತ್ತೇ ಹೇಳಿಬಿಡುವವನಿದ್ದ.

“ಹೆಂಗಾರ ಮಾಡಿ ಒದರ್ಸವ್ವ,” ಎಂದು ಟಗರಿನ ಒಡತಿ ಓಬಕ್ಕನ ಕಿವಿಯಲ್ಲಿ ಅಂಗಲಾಚಿದ.

“ಅದುಕ್ಕೂ ಸಾಕಾಗೈತೆ ಸಾರ್. ನಾನೇನ್ ಮಾಡ್ಲಿ?”

ಶಾಮಿಯಾನದ ಕೆಳಗೆ ಹುಡುಗರು ಬೆವರುತ್ತಾ ಮೊಬೈಲಿಗೆ ತಲೆ ಬಗ್ಗಿಸಿದ್ದರು. ರಘುನಾಥ ಹಾರ ಸರಿಪಡಿಸುವವನಂತೆ ಟಗರಿನ ಪಕ್ಕ ಬಾಗಿ, ಮೈಕಿಗೆ ಬಾಯಿ ಹತ್ತಿರ ತಂದು, “ಬ್ಯಾ...” ಎಂದ.

ಶಾಮಿಯಾನ ಹಾರಿಹೋಗುವಂತೆ ಚಪ್ಪಾಳೆ ಬಿತ್ತು. ಎಲ್ಲರೂ ಊಟದ ಕಡೆ ನುಗ್ಗಿದರು. ಅರಚಿದ್ದು ಯಾರೆಂದು ಒಬ್ಬರೂ ತಿರುಗಿ ನೋಡಲಿಲ್ಲ. ಓಬಕ್ಕ ಮಾತ್ರ ಟಗರಿನ ಹಾರ ಬಿಚ್ಚುತ್ತಾ ಮೆಲ್ಲಗೆ ಕೇಳಿದಳು:

“ಹಂಗಾರೆ ಮುಂದಿನ ವರ್ಸ ಇದನ್ನ ಹೊಡ್ಕಂಡ್ ಬರಾದು ಬ್ಯಾಡೇನ್ರಿ ಸಾರ್?”