ನಡುಗಿದ್ದು ಯಾರ ಕೈ?

"ನಿನ್ನ ಕೈ ನಡುಗಿತು, ಅದಕ್ಕೇ ಜಾರಿದೆ," ಎಂದ ಅಣ್ಣ.

"ನಡುಗಿದ್ದು ನಿನ್ನ ಕೈ ಕಣೋ!" ಎಂದಳು ತಂಗಿ, ತರಚಿದ ಭುಜವನ್ನು ಒತ್ತಿ ಹಿಡಿದುಕೊಂಡು.

ಬಗೆಹರಿಯುವ ಜಗಳವಲ್ಲ ಇದು. ಸರ್ಕಸ್ ಡೇರೆಯ ನೆತ್ತಿಯಲ್ಲಿ ಅಣ್ಣ ಜೋಕಾಲಿಗೆ ಮೊಣಕಾಲು ಸಿಕ್ಕಿಸಿ ತಲೆಕೆಳಗಾಗಿ ತೂಗುತ್ತಾನೆ. ಎದುರಿನ ಜೋಕಾಲಿಯಿಂದ ಹಾರಿ ಬಂದ ತಂಗಿ ಅವನ ಮಣಿಕಟ್ಟು ಹಿಡಿಯುತ್ತಾಳೆ, ಅವನು ಅವಳದ್ದು ಹಿಡಿಯುತ್ತಾನೆ. ಕೈಗಳು ಹಾಗೆ ಹೆಣೆದುಕೊಂಡ ಮೇಲೆ ನಡುಕ ಯಾವ ಕಡೆಯಿಂದ ಬಂತೆಂದು ಹೇಳುವವರಾರು? ಬೆಳಗಿನ ಅಭ್ಯಾಸ ನೋಡುತ್ತ ಕೆಳಗೆ ಕುರ್ಚಿ ಹಾಕಿಕೊಂಡಿದ್ದ ಯಜಮಾನರು ಹೇಳಿಯೇಬಿಟ್ಟರು: "ಹುಡುಗಿಗೆ ಭಯ ಹಿಡಿದಿದೆ." ಸರ್ಕಸ್ಸಿನಲ್ಲಿ ಎಲ್ಲ ಕಾಯಿಲೆಗೂ ಇದೊಂದೇ ಹೆಸರು, ಮದ್ದೂ ಒಂದೇ: ಇನ್ನೊಂದು ಸಲ ಹತ್ತು. ಕೆಳಗೆ ಬಲೆಯೇನೋ ಇದೆ. ಆದರೆ ಅರ್ಧ ಹಿಡಿತದಲ್ಲಿ ಜಾರಿದವರು ಬಲೆಯ ನಡುವೆಯೇ ಬೀಳುತ್ತಾರೆಂಬ ಖಾತ್ರಿ ಇಲ್ಲ. ಇವಳಿಗೆ ಅಂಚು ಸಿಕ್ಕಿತ್ತು, ಪುಣ್ಯ.

ಭುಜಕ್ಕೆ ಮದ್ದು ಹಚ್ಚಲು ಬಂದ ಡಾಕ್ಟರಮ್ಮ ಗಾಯಕ್ಕಿಂತ ಹೆಚ್ಚಾಗಿ ಅಣ್ಣನನ್ನೇ ನೋಡುತ್ತಿದ್ದರು. ಉಳಿದವರೆಲ್ಲ ಸ್ವೆಟರ್ ಹಾಕಿಕೊಂಡಿದ್ದರೆ ಇವನೊಬ್ಬ ಬನಿಯನ್ನಿನಲ್ಲಿ ಬೆವರುತ್ತಾ ಬ್ರೆಡ್ ತಿನ್ನುತ್ತಿದ್ದ.

"ಹಸಿವು ಜಾಸ್ತೀನಾ ನಿಮಗೆ?"

"ತಿನ್ನೋದು ಇಬ್ಬರದ್ದು ಮೇಡಂ, ಪ್ಯಾಂಟ್ ಮಾತ್ರ ಜಾರ್ತಾ ಇರತ್ತೆ," ಎಂದಳು ತಂಗಿ. ಅಣ್ಣ ಕಣ್ಣು ಕೆಂಪಗೆ ಮಾಡಿದ. ಈಚೆಗೆ ಅವನಿಗೆ ಮೂಗಿನ ತುದಿಯಲ್ಲೇ ಕೋಪ.

ಡಾಕ್ಟರಮ್ಮ ಇಬ್ಬರಿಗೂ ಕೈ ಮುಂದೆ ಚಾಚಲು ಹೇಳಿ, ಬೆರಳುಗಳ ಮೇಲೆ ಒಂದೊಂದು ತೆಳು ಕಾಗದ ಇಟ್ಟರು. ತಂಗಿಯ ಕೈ ಮೇಲಿನದು ಮಿಸುಕಲಿಲ್ಲ. ಅಣ್ಣನದು ಫ್ಯಾನ್ ಕೆಳಗಿಟ್ಟ ಹಾಗೆ ಪಟಪಟ ಅಂದಿತು. ಮೂವರೂ ಅದನ್ನೇ ನೋಡಿದರು.

"ಬೆಳಗ್ಗೆಯಿಂದ ಟೀ ಸ್ವಲ್ಪ ಜಾಸ್ತಿ ಆಯ್ತು," ಎಂದ ಅಣ್ಣ.

"ಟೀ ಅಲ್ಲಪ್ಪಾ," ಎಂದು ಡಾಕ್ಟರಮ್ಮ ಅವನ ಕತ್ತು ಮುಟ್ಟಿ ನೋಡಿದರು. "ಇಲ್ಲಿ ಥೈರಾಯ್ಡ್ ಅಂತ ಒಂದು ಗ್ರಂಥಿ ಇದೆ. ಮೈಯೊಳಗಿನ ಒಲೆಗೆ ಎಷ್ಟು ಉರಿ ಬೇಕು ಅಂತ ನೋಡ್ಕೊಳ್ಳೋದು ಅದರ ಕೆಲಸ. ನಿಮ್ಮದು ಲಂಗುಲಗಾಮಿಲ್ಲದೆ ಹಾರ್ಮೋನ್ ಸುರೀತಾ ಇದೆ. ಅದಕ್ಕೇ ಈ ಬೆವರು, ಸಿಡುಕು, ನಡುಕ ಎಲ್ಲ. ರಕ್ತ ಪರೀಕ್ಷೆ ಮಾಡಿಸೋಣ, ಆದ್ರೆ ನನಗೇನೂ ಅನುಮಾನ ಇಲ್ಲ."

"ಹಾಗಾದ್ರೆ ಇದು ಭಯ ಅಲ್ವಾ?" ತಂಗಿ ಕೇಳಿದಳು.

"ಭಯದ ಹಾರ್ಮೋನ್ ಬೇರೆ. ಅದು ಮೂತ್ರಪಿಂಡದ ಮೇಲೆ ಟೋಪಿ ಥರ ಕೂತಿರೋ ಗ್ರಂಥಿಯಿಂದ ಬರತ್ತೆ, ಬಂದಷ್ಟೇ ಬೇಗ ಇಳಿಯತ್ತೆ. ಇದು ಹಾಗಲ್ಲ. ಧೈರ್ಯ ಹೇಳಿದ್ರೆ ಕೇಳಲ್ಲ, ಮಾತ್ರೆ ಕೊಟ್ರೆ ಕೇಳತ್ತೆ. ಅದಕ್ಕೂ ಕೆಲವು ವಾರ ಬೇಕು. ಅಲ್ಲಿವರೆಗೆ ನೀವು ಯಾರನ್ನೂ ಹಿಡಿಯೋ ಹಾಗಿಲ್ಲ."

ಡಾಕ್ಟರಮ್ಮ ಹೊರಟದ್ದೇ ತಡ, ಅಣ್ಣ ಪರದೆ ಎಳೆದ. "ಯಜಮಾನ್ರ ಕಿವಿಗೆ ಬೀಳಬಾರದು. ಹಿಡಿಯೋನಿಗೇ ಕೈ ನಡುಗತ್ತೆ ಅಂತ ಗೊತ್ತಾದ್ರೆ ಮುಗೀತು, ಯಾವ ಸರ್ಕಸ್ಸಿನೋರೂ ಒಳಗೆ ಬಿಟ್ಕೊಳ್ಳಲ್ಲ. ಮಧ್ಯಾಹ್ನದ ಆಟ ಒಂದು ಮುಗಿಸಿಬಿಡೋಣ. ಜಾರದ ಹಾಗೆ ಕೈಗೆ ಸೀಮೆಸುಣ್ಣದ ಪುಡಿ ಚೆನ್ನಾಗಿ ಹಚ್ಕೋತೀನಿ."

"ಅಣ್ಣಾ, ಬೀಳೋದು ನಾನು."

"ಬೀಳಿಸ್ತೀನಾ ನಿನ್ನ? ನಡೆಯೋಕೆ ಬಾರದಾಗಿನಿಂದ ಎತ್ಕೊಂಡು ತಿರುಗಿದೋನು ನಾನು."

ಪೆದ್ದು ಹುಡುಗಿ, ಮಧ್ಯಾಹ್ನ ಏಣಿ ಹತ್ತಿದಳು.

ಡೇರೆ ಕಿಕ್ಕಿರಿದಿತ್ತು. ಅಟ್ಟಣೆಯ ಮೇಲೆ ನಿಂತವಳು ಕೆಳಗೆ ಬಲೆಯ ಅಂಚನ್ನು ನೋಡಿದಳು. ಈಗ ಅವಳಿಗೆ ನಿಜವಾಗಿಯೂ ಭಯವಾಗಿತ್ತು. ಹಾರುವವರು ತಾವೇ ನೋಡಿ, ಲೆಕ್ಕ ಹಾಕಿ ಹಾರುವಂತಿಲ್ಲ. ಅಷ್ಟರಲ್ಲಿ ಹೊತ್ತು ಮೀರಿರುತ್ತದೆ. ಹಿಡಿಯುವವನು "ಬಾ" ಎಂದರೆ ಜೋಕಾಲಿ ಹಿಡಿದು ಜಿಗಿಯಬೇಕು, ಅವನನ್ನು ನಂಬಿ ಕೈಬಿಡಬೇಕು. ಈ ವಿದ್ಯೆಯನ್ನು ಅವಳಿಗೆ ಕಲಿಸಿದವನೂ ಅವನೇ. ಅವನು ಕರೆದರೆ ಅವಳ ಕಾಲು ಅವಳ ಮಾತನ್ನೂ ಕೇಳುವುದಿಲ್ಲ.

ಅಣ್ಣ ತಲೆಕೆಳಗಾಗಿ ತೂಗತೊಡಗಿದ. ವಾದ್ಯದವರ ಡೋಲು ಗುಡುಗಿತು. ಮೊದಲ ತೂಗಾಟಕ್ಕೆ ಅವನು ಕರೆಯಲಿಲ್ಲ. ಮುಂದಿನದಕ್ಕೂ ಇಲ್ಲ. ಅವನು ತನ್ನ ಅಂಗೈಗಳನ್ನೇ ದಿಟ್ಟಿಸುತ್ತಿದ್ದ. ಕೆಳಗಿನಿಂದ ಯಜಮಾನರು "ಏನಯ್ಯಾ, ಕರಿ!" ಎಂದು ಅರಚಿದರು. ತಂಗಿ ಜೋಕಾಲಿ ಬಿಗಿಯಾಗಿ ಹಿಡಿದು, ಹಿಮ್ಮಡಿ ಎತ್ತಿ, ಆ ಒಂದು ಮಾತಿಗೆ ಕಾದಳು.

ಅಣ್ಣ ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡುಬಿಟ್ಟ.

"ಹುಡುಗಿ ಹೆದರಿದ್ಳು!" ಎಂದು ಯಾರೋ ಕೂಗಿದರು. ಸಿಳ್ಳೆಗಳು ಎದ್ದವು. ಡೋಲು ತಬ್ಬಿಬ್ಬಾಗಿ ನಿಂತಿತು.

"ಅವಳಲ್ಲ ಕಣ್ರೀ! ಕೈ ನಡುಗ್ತಿರೋದು ನಂದು! ಯಜಮಾನ್ರೇ, ನಂದು!" ತೂಗುತ್ತಲೇ ಕಿರುಚಿದ ಅಣ್ಣ.

ಜೋಕರನ ಆಟವೆಂದುಕೊಂಡು ಇಡೀ ಡೇರೆ ಗೊಳ್ಳೆಂದು ನಕ್ಕಿತು, ಚಪ್ಪಾಳೆ ತಟ್ಟಿತು. ಅಟ್ಟಣೆಯ ಮೇಲೆ ತಂಗಿಯ ಹಿಮ್ಮಡಿ ಮೆಲ್ಲಗೆ ಕೆಳಗಿಳಿಯಿತು. ಎದುರಿಗೆ ದೀಪದ ಬೆಳಕಿನಲ್ಲಿ, ತಲೆಕೆಳಗಾದ ಅಣ್ಣನ ಕಣ್ಣೀರು ಕೆನ್ನೆಗೆ ಇಳಿಯದೆ ಹಣೆಗೆ ಹರಿದು, ಕೂದಲಿನಿಂದ ತೊಟ್ಟಿಕ್ಕಿ, ಬಲೆಗೂ ಸಿಕ್ಕದೆ ಸೀದಾ ನೆಲಕ್ಕೆ ಬೀಳುತ್ತಿತ್ತು.