ರಾಜಕುಮಾರ ಮನೆ ಬಿಟ್ಟ ಕಾರಣ

ಮೀರಾಬಿ ಹೂಂ ಅನ್ನುವುದನ್ನು ನಿಲ್ಲಿಸಿದ್ದೇ ತಡ, ರಾಜಕುಮಾರ ಕುದುರೆ ಹಿಡಿದು ಕೆರೆಯ ದಂಡೆಯ ಮೇಲೆ ನಿಂತುಬಿಟ್ಟ. ಸಿರುಗುಪ್ಪದ ಪಿಂಜಾರರ ಓಣಿಯ ಆ ಮನೆಯಲ್ಲಿ ಅತ್ತೆ ಇಮಾಂಬೀ ಹಾಸಿಗೆಗೆ ಹತ್ತಿ ತುಂಬುತ್ತ ಕಥೆ ಹೇಳುವಳು, ಸೊಸೆ ಅಂಚು ಹೊಲಿಯುತ್ತ ಹೂಂ ಅನ್ನುವಳು. ಹೂಂ ನಿಂತರೆ ಕಥೆಯೂ ನಿಲ್ಲಬೇಕು.

“ಹೂಂ ಅನ್ನು ತಾಯಿ,” ಹಾಸಿಗೆ ಒಯ್ಯಲು ಬಂದು ಕೂತಿದ್ದ ನೆರೆಮನೆಯ ವಿರೂಪಮ್ಮ ನಕ್ಕಳು. “ಕುದುರಿ ಕಾಲು ನೋಯಾಕ ಹತ್ಯಾವು.”

ಮೀರಾಬಿ ನಗಲಿಲ್ಲ. “ರಾಜಕುಮಾರ ಹೆಂಡ್ತಿನ್ನ ಬಿಟ್ಟು ಯಾಕ ಹೋದ, ಅತ್ತಿ?”

“ಹೇಳಿದ್ನಲ್ಲ. ಹಣ್ಯಾಗ ಬರದಿತ್ತು, ಹೋದ.”

“ಅದಕ್ಕ ನಾ ಹೂಂ ಅನ್ನಂಗಿಲ್ಲ.”

ಇಮಾಂಬೀ ಬಾಗಿಲಾಚೆ ನೋಡಿದಳು. ಹೊರಗೆ ಬೇವಿನ ನೆರಳಲ್ಲಿ ಕುರುಗೋಡಿನ ಬಂಡಿ ನಿಂತಿತ್ತು. ಮೀರಾಬಿಯ ಅಣ್ಣ ಸುಭಾನಸಾಬ ಎತ್ತುಗಳಿಗೆ ಮೇವು ಹಾಕುತ್ತಿದ್ದ. ತಂಗಿಯನ್ನು ತವರಿಗೆ ಕರೆದೊಯ್ಯಲು, ಮತ್ತೆ ಕಳಿಸದಿರಲು ಬಂದವನು. ಆಕೆಯ ಗಂಡ ದಾವಲಸಾಬ ಬಳ್ಳಾರಿಗೆ ಹೋದವನು ಎರಡು ಸುಗ್ಗಿ ಕಳೆದರೂ ಬಂದಿರಲಿಲ್ಲ, ಸುದ್ದಿಯೂ ಇರಲಿಲ್ಲ. ಈ ಹಾಸಿಗೆ ಮುಗಿಯುವತನಕವಾದರೂ ಸೊಸೆ ಇರಲಿ ಎಂದು ಇಮಾಂಬೀ ಬೇಡಿಕೊಂಡಿದ್ದಳು. ಅದಕ್ಕೇ ಆಕೆ ಹತ್ತಿಯನ್ನು ಹಿಡಿಹಿಡಿಯಾಗಿ ತುಂಬದೆ ಎಸಳೆಸಳಾಗಿ ತುಂಬುತ್ತಿದ್ದಳು.

“ಬ್ಯಾಟಿಗೆ ಹೋದ ಅಂತ ಹೇಳು ಇಮಾಂಬೀ, ಮುಗೀತು,” ಎಂದಳು ವಿರೂಪಮ್ಮ.

“ಬ್ಯಾಟಿಗೆ ಹೋದಾವ ಸಂಜಿಕ ಬರ್ತಾನ,” ಎಂದಳು ಮೀರಾಬಿ.

“ಹಂಗಾರ ಮತ್ತೊಬ್ಬ ರಾಜನ ಮಗಳು ಚೆಲುವಿ ಅಂತ ಕೇಳಿ ಹೋದ,” ವಿರೂಪಮ್ಮ ಬಿಡಲಿಲ್ಲ.

ಮೀರಾಬಿಯ ಸೂಜಿ ಒಂದು ಗಳಿಗೆ ನಿಂತಿತು. “ಅಂಥಾವ ಅತ್ತರ ಹಚ್ಚಿಕೊಂಡು ಹೋಗ್ತಾನ. ಇವ ಉಣ್ಣಲಾರದ ಹೋದ.”

ಕಥೆಯಲ್ಲಿ ಆ ಮಾತು ಬಂದಿರಲೇ ಇಲ್ಲ. ವಿರೂಪಮ್ಮ ನಗು ನುಂಗಿದಳು.

“ನೀನ ಹೇಳು ಹಂಗಾರ,” ಎಂದಳು ಇಮಾಂಬೀ.

ಮೀರಾಬಿ ತಲೆ ಎತ್ತದೆ ಹೇಳಿದಳು. “ಅವಗ ಒಂದ ಕೆಲಸ ಬರ್ತಿತ್ತು, ಅವರಪ್ಪ ಕಲಿಸಿದ್ದು. ಊರಾಗ ಅಂಥಾ ಕೈ ಇನ್ನೊಂದಿಲ್ಲ ಅಂತಿದ್ರು. ಎಲ್ಲೋ ಆ ಕೆಲಸ ಮಾಡೋ ಒಂದು ಉಗಿಯಂತ್ರ ಬಂತು. ಇವನ್ನ ಕರಿಯೋರು ಕಡಿಮಿ ಆದ್ರು. ಹೆಂಡ್ತಿ ಕೂಲಿ ಜ್ವಾಳ ತಂದು ರೊಟ್ಟಿ ಬಡಿದು ಹಾಕಿದ್ರ, ಗಂಗಾಳ ನೋಡ್ಕೊಂತ ಕೂಡ್ತಿದ್ದ. ಒಂದಿನ ಆಕಿ, ‘ಉಣ್ಣು, ನಾ ದುಡೀತೀನಲ್ಲ’ ಅಂದ್ಲು. ಪ್ರೀತಿಲೇ ಅಂದಿದ್ಲು. ಅವಗ ಚುಚ್ಚಿತು. ಆ ಯಂತ್ರ ಎಂಥಾದ್ದೈತಿ ನೋಡೇ ಬರ್ತೀನಿ ಅಂತ ಎದ್ದು ಹೋದ.”

ರಾಜಕುಮಾರನಿಗೆ ಎಂಥ ಯಂತ್ರ ಎನ್ನಲು ಹೊರಟ ವಿರೂಪಮ್ಮ ಮಾತು ಬಿಟ್ಟು ಗೋಡೆಯತ್ತ ನೋಡಿದಳು. ಗೋಡೆಯ ಗೂಟಕ್ಕೆ ದಾವಲಸಾಬನ ಹತ್ತಿ ಹಿಂಜುವ ಬಿಲ್ಲು ತೂಗುತ್ತಿತ್ತು. ಅದರ ನರ ಸಡಿಲಾಗಿತ್ತು.

“ಹೂಂ,” ಅಂದಳು ಇಮಾಂಬೀ.

“ಹಣೆಬರಹ ಆದ್ರ ನಾ ಯಾರನ್ನ ಕೇಳಲಿ ಅತ್ತಿ? ಹಿಂಗಾದ್ರ ಅವನ್ನ ಹೋಗಿ ಕೇಳಬಹುದು.” ಮೀರಾಬಿ ಉಳಿದ ಹತ್ತಿಯನ್ನೆಲ್ಲ ಒಮ್ಮೆಗೇ ತುರುಕಿ, ಹಾಸಿಗೆಯ ಬಾಯಿ ಹೊಲಿದು, ದಾರ ಕಡಿದಳು. ಹೊಸ್ತಿಲಿಗೆ ಬಂದು ಕೂಗಿದಳು. “ಅಣ್ಣಾ, ಬಂಡಿ ಬಳ್ಳಾರಿಗೆ ಹೊಡಿ. ಆಮ್ಯಾಲೆ ಕುರುಗೋಡು.”

“ಬಳ್ಳಾರಿ ಅಂದ್ರ ನಿಮ್ಮ ಓಣಿ ಅನ್ಕೊಂಡೀಯೇನ? ಎಲ್ಲಿ ಅಂತ ಹುಡುಕ್ತಿ?” ಸುಭಾನಸಾಬ ರೇಗಿದ.

“ಯಂತ್ರದ ಹೊಗಿ ದೂರಕ್ಕ ಕಾಣ್ತೈತಂತ.”

ಅವನು ಗೊಣಗುತ್ತಲೇ ಎತ್ತು ಹೂಡಿದ.

ಬಂಡಿ ಊರು ದಾಟುವವರೆಗೂ ಇಮಾಂಬೀ ಹಿಂದಿನ ಹಲಗೆ ಹಿಡಿದು ನಡೆದೇ ಬಂದಳು. ಏದುಸಿರಿನಲ್ಲೇ ಮಗ ಬಾರದ್ದಕ್ಕೆ ಒಂದಾದ ಮೇಲೊಂದು ಕಾರಣ ಹೇಳತೊಡಗಿದ್ದಳು. “ಮೈಯಾಗ ಆರಾಮ ಇರಲಿಕ್ಕಿಲ್ಲ… ಹಗರಿ ಹೊಳಿ ಬಂದು ದಾರಿ ಕಟ್ಟಿರಬೇಕು… ಬರಿಗೈಲೆ ಹೆಂಗ ಹೋಗಲಿ ಅಂದಿರಬೇಕು…” ಎತ್ತುಗಳು ಹೆಜ್ಜೆ ಚುರುಕು ಮಾಡಿದವು. ಕೈ ಜಾರಿತು. ಧೂಳಿನ ನಡುವೆ ನಿಂತು ಆಕೆ ಕೂಗಿದಳು:

“ನಾವ ಬರ್ತೀವಿ ಅಂತ ಅವನೂ ಅಲ್ಲಿ ಕಾಯ್ಕೊಂತ ಕುಂತಿರಬೇಕು ನೋಡ, ಮಗಳ!”