ಡ್ರೈವರ್ ತಿದ್ದಿದಾಕಿ

"ನಮ್ಮ ಹುಡುಗಿಗಿ ಇದು ತಿಳಿಯಂಗಿಲ್ರಿ ಸಾಹುಕಾರ್ರ, ನೀವು ಹೊಸ ಸರ್ವರ್ ತಗೋರಿ," ಎಂದು ಪಂಪಣ್ಣ ಸ್ಪೀಕರ್ ಫೋನಿನಲ್ಲಿ ಹೇಳಿದಾಗ, ಎದುರಿಗೇ ಕೂತಿದ್ದ ಮೌನೇಶ್ವರಿಯ ಮೈ ಉರಿದುಹೋಯಿತು. ಅತ್ತ ಶಹಾಪುರದಲ್ಲಿ ಸಾಹುಕಾರರ ಹತ್ತಿ ಮಿಲ್ಲಿನಲ್ಲಿ ಸರ್ವರ್ ತಡವರಿಸಿ, ತೂಕದ ಚೀಟಿ ಬರದೆ ಲಾರಿಗಳು ಸಾಲುಗಟ್ಟಿದ್ದವು.

ಸರ್ವರಿನ ತಪ್ಪಲ್ಲವೆಂದು ಅವಳು ತಿಂಗಳಿಂದ ಬಡಕೊಳ್ಳುತ್ತಿದ್ದಳು. ಅದರೊಳಗೆ ಸಾಫ್ಟ್‌ವೇರಿನಲ್ಲೇ ಓಡುವ ವರ್ಚುವಲ್ ಮಷಿನ್ನಿನ ಡ್ರೈವರ್, ಅಂದರೆ ನೆಟ್‌ವರ್ಕ್ ನೋಡಿಕೊಳ್ಳುವ ಸಣ್ಣ ಪ್ರೋಗ್ರಾಮು, ಮಾಹಿತಿಯ ಒಂದೊಂದು ಪ್ಯಾಕೆಟ್ ಬಂದಾಗಲೂ ಪ್ರೊಸೆಸರನ್ನು ಕೆಲಸ ಬಿಡಿಸಿ ಕರೆಯುತ್ತಿತ್ತು. ಸೆಕೆಂಡಿಗೆ ಇಂಥ ತೊಂಬತ್ತು ಸಾವಿರ ಕರೆ, ಇಂಟರಪ್ಟ್! ಪ್ರೊಸೆಸರಿನ ಕೈಯಲ್ಲಿದ್ದ ಕೆಲಸ ಮುಗಿಯುವವರೆಗೆ ಅದನ್ನು ಮತ್ತೆ ಕರೆಯದಂತೆ ಅವಳು ಡ್ರೈವರನ್ನು ತಿದ್ದಿ ಇಟ್ಟಿದ್ದಳು. ಸರ್ವರ್ ಮಾರಿ ರಿಪೇರಿ ಮಾಡುವ ಅವಳ ಕಂಪನಿಯ ಮಾಲೀಕ ಪಂಪಣ್ಣ ಅದನ್ನು ಹಾಕಗೊಟ್ಟಿರಲಿಲ್ಲ.

ಈಗ ಅವಳು ಯಾರನ್ನೂ ಕೇಳಲಿಲ್ಲ. ಕೀಬೋರ್ಡ್ ಎಳೆದುಕೊಂಡು, ಕೂತಲ್ಲಿಂದಲೇ ಮಿಲ್ಲಿನ ಸರ್ವರಿಗೆ ತಾನು ತಿದ್ದಿದ ಡ್ರೈವರ್ ಹಾಕಿದಳು. ಮಷಿನ್ ಒಮ್ಮೆ ನಿಂತು ಎದ್ದಿತು. ತೊಂಬತ್ತು ಸಾವಿರವಿದ್ದ ಇಂಟರಪ್ಟ್ ಮೂರು ಸಾವಿರಕ್ಕೆ ಇಳಿಯಿತು.

"ಅರೇ, ಚೀಟಿ ಬರಾಕತ್ತಾವಲ್ರಿ! ಏನು ಮಾಡಿದ್ರಿ?" ಎಂದರು ಸಾಹುಕಾರರು.

"ನಾನ ಒಂದೀಟು ಸೆಟಿಂಗ್ ಬದಲಿ ಮಾಡೀನ್ರಿ," ಎಂದ ಪಂಪಣ್ಣ ನಗುತ್ತಾ.

ಮೌನೇಶ್ವರಿ ಅವನ ಮುಂದಿದ್ದ ಫೋನನ್ನು ಕಸಿದುಕೊಂಡಳು. "ಸಾಹುಕಾರ್ರ, ನಾನು ಮೌನೇಶ್ವರಿ ಮಾತಾಡಾಕತ್ತೇನಿ. ಮಾಡಿದ್ದು ನಾನು, ಇವರಲ್ಲ. ಹೊಸ ಸರ್ವರ್ ಬ್ಯಾಡ. ಇನ್ನ ಮುಂದ ಏನರ ಕೆಟ್ರ ಸೀದಾ ನನಗ ಫೋನ್ ಹಚ್ರಿ. ನಂಬರ್ ಬರಕೋರಿ."